ಬ್ಯಾಲೆನ್ಸಿಂಗ್‌ಗೆ ಬಗ್ಗದ ನಡುಕ: ಗಾಳಿ ಬೇರಿಂಗ್‌ಗಳ ಒಳಗುಟ್ಟು

ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯ ಯಾವ ವರ್ಕ್‌ಶಾಪಿಗೆ ಹೋಗಿ ‘ಶಾಫ್ಟ್ ನಡುಗುತ್ತಿದೆ’ ಎಂದರೂ ಮೊದಲು ಸಿಗುವ ಮದ್ದು ಬ್ಯಾಲೆನ್ಸಿಂಗ್. ಬಹುತೇಕ ಸಲ ಆ ಮದ್ದು ಸರಿಯೂ ಹೌದು. ಫ್ಯಾನಿನ ಎಲೆಗೆ ಕೊಳೆ ಹಿಡಿದಿರುತ್ತದೆ, ಪಂಪಿನ ಇಂಪೆಲ್ಲರ್ ಒಂದು ಕಡೆ ಸವೆದಿರುತ್ತದೆ. ತೂಕ ಸರಿಪಡಿಸಿದರೆ ಯಂತ್ರ ತಣ್ಣಗಾಗುತ್ತದೆ. ಆದರೆ ಗಾಳಿಯ ಪದರದ ಮೇಲೆ ತೇಲುತ್ತಾ ತಿರುಗುವ ಶಾಫ್ಟ್ ಕೆಟ್ಟು ಕುಣಿಯತೊಡಗಿದಾಗ ಇದೇ ಮದ್ದನ್ನು ಕೊಟ್ಟು ಕೈಸುಟ್ಟುಕೊಳ್ಳುವವರಿದ್ದಾರೆ. ಅಲ್ಲಿ ಶಾಫ್ಟನ್ನು ಅಲುಗಿಸುತ್ತಿರುವುದು ಶಾಫ್ಟಿನ ತೂಕದ ವ್ಯತ್ಯಾಸವಲ್ಲ. ಅದನ್ನು ಹೊತ್ತು ನಿಂತ ಗಾಳಿಯೇ ಅದನ್ನು ತಳ್ಳುತ್ತಿರುತ್ತದೆ.

ಈ ವಿಷಯ ಈಗ ಕರಾವಳಿಯವರಿಗೂ ಏಕೆ ಬೇಕು? ಮಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗೆ ಇಳಿದರೆ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕದ) ಕೋಣೆಯಿಂದ ಬರುವ ಗೊರಗೊರ ಸದ್ದು ಕೇಳಿಸುತ್ತದೆ. ಕೊಳಚೆ ನೀರಿಗೆ ಗಾಳಿಯೂಡುವ ಟ್ವಿನ್ ಲೋಬ್ ಬ್ಲೋವರ್ ಅದು. ಕೊಳಚೆ ಶುದ್ಧೀಕರಣದಲ್ಲಿ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಈ ಗಾಳಿಯೂಡುವ ಕೆಲಸಕ್ಕೇ ಹೋಗುತ್ತದೆ. ಹಾಗಾಗಿ ನಗರದ ದೊಡ್ಡ ಘಟಕಗಳಿಗೆ, ಮೀನು ಸಂಸ್ಕರಣೆಯಂಥ ಕಾರ್ಖಾನೆಗಳ ತ್ಯಾಜ್ಯನೀರಿನ ಘಟಕಗಳಿಗೆ ಹೈಸ್ಪೀಡ್ ಟರ್ಬೋ ಬ್ಲೋವರ್ ಮಾರುವವರು ಇಂದು ಮೊದಲು ಹೇಳುವುದೇ ಕರೆಂಟ್ ಉಳಿತಾಯದ ಮಾತನ್ನು. ನಿಮಿಷಕ್ಕೆ ಇಪ್ಪತ್ತು, ಮೂವತ್ತು ಸಾವಿರ ಸುತ್ತು, ಗೇರ್‌ಬಾಕ್ಸ್ ಇಲ್ಲ, ಎಣ್ಣೆ ಇಲ್ಲ, ಶಾಫ್ಟಿಗೆ ಗಾಳಿಯ ಬೇರಿಂಗ್. ಕರಪತ್ರದಲ್ಲಿ ‘ಸವಕಳಿ ಇಲ್ಲ, ನಿರ್ವಹಣೆ ಬೇಡ’ ಎಂದೂ ಬರೆದಿರುತ್ತದೆ. ಮೊದಲ ನಾಲ್ಕು ಮಾತು ನಿಜ. ಕೊನೆಯ ಎರಡನ್ನು ನಂಬುವ ಮೊದಲು ಸ್ವಲ್ಪ ಭೌತಶಾಸ್ತ್ರ ತಿಳಿದಿದ್ದರೆ ಒಳ್ಳೆಯದು.

ಗಾಳಿಯನ್ನು ಎಣ್ಣೆಯ ಜಾಗದಲ್ಲಿ ಕೂರಿಸುವ ಯೋಚನೆ ಹೊಸದಲ್ಲ. ಫ್ರಾನ್ಸಿನ ಗುಸ್ತಾವ್ ಹಿರ್ನ್ 1854ರಲ್ಲೇ ಅದನ್ನು ಪ್ರಸ್ತಾಪಿಸಿದ್ದ. ಅಮೆರಿಕದ ಆಲ್ಬರ್ಟ್ ಕಿಂಗ್ಸ್‌ಬರಿ 1897ರಲ್ಲಿ ಗಾಳಿಯ ಮೇಲೆ ತಿರುಗುವ ಬೇರಿಂಗ್ ಮಾಡಿ ತೋರಿಸಿದ. ಡಿಸಿ-10 ವಿಮಾನದ ಹವಾನಿಯಂತ್ರಣ ಯಂತ್ರದಲ್ಲಿ 1970ರ ಸುಮಾರಿಗೆ ತೆಳು ಲೋಹದ ಹಾಳೆ ಬಳಸುವ ಗಾಳಿ ಬೇರಿಂಗ್ ಬಂತು; ಇಂದು ಬಜ್ಪೆಯಿಂದ ಹಾರುವ ಪ್ರಯಾಣಿಕರಿಗೆ ತಂಪು ಕೊಡುವ ಯಂತ್ರಗಳಲ್ಲೂ ಇದೇ ಜಾತಿಯ ಬೇರಿಂಗ್ ಸಾಮಾನ್ಯ. ಹೈಡ್ರೋಜನ್ ಫ್ಯುಯೆಲ್ ಸೆಲ್ ವಾಹನಗಳ ಗಾಳಿ ಕಂಪ್ರೆಸರಿಗೂ ಇದೇ ಬೇಕು, ಏಕೆಂದರೆ ಎಣ್ಣೆಯ ಹನಿ ಒಳಗೆ ಹೋದರೆ ಸೆಲ್ ಹಾಳಾಗುತ್ತದೆ. ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ: ಹಲ್ಲಿನ ಡಾಕ್ಟರ ಕೈಯಲ್ಲಿ ಕೀರಲು ದನಿ ತೆಗೆಯುವ ಏರೋಟರ್ ಗಾಳಿಯಿಂದ ತಿರುಗುತ್ತದೆ ನಿಜ, ಆದರೆ ಸಾಮಾನ್ಯವಾಗಿ ಅದು ನಿಂತಿರುವುದು ಪುಟ್ಟ ಬಾಲ್ ಬೇರಿಂಗ್‌ಗಳ ಮೇಲೆ. ಗಾಳಿಯಿಂದ ತಿರುಗುವುದು ಬೇರೆ, ಗಾಳಿಯ ಮೇಲೆ ನಿಲ್ಲುವುದು ಬೇರೆ.

ಗಾಳಿಯ ಆಕರ್ಷಣೆ ಎಷ್ಟೆಂದು ಲೆಕ್ಕ ಹಾಕಿಯೇ ನೋಡೋಣ. 40 ಮಿಲಿಮೀಟರ್ ವ್ಯಾಸದ ಶಾಫ್ಟ್, ಅಷ್ಟೇ ಉದ್ದದ ಬೇರಿಂಗ್, ನಡುವೆ 20 ಮೈಕ್ರಾನ್ ಸಂದು ಎಂದಿಟ್ಟುಕೊಳ್ಳಿ. ತಲೆಗೂದಲು ಇದಕ್ಕಿಂತ ಮೂರ್ನಾಲ್ಕು ಪಟ್ಟು ದಪ್ಪ. 30,000 ಆರ್‌ಪಿಎಂನಲ್ಲಿ ಶಾಫ್ಟಿನ ಮೇಲ್ಮೈ ಸೆಕೆಂಡಿಗೆ ಸುಮಾರು 63 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 226 ಕಿಲೋಮೀಟರ್. ಈ ವೇಗದಲ್ಲಿ ಸಂದಿನ ಗಾಳಿ ನುಂಗುವ ಶಕ್ತಿ ಬರೀ 18 ವಾಟ್‌ನಷ್ಟು. ಅದೇ ಸಂದಿನಲ್ಲಿ ಗಾಳಿಗಿಂತ ಸಾವಿರ ಪಟ್ಟು ಸ್ನಿಗ್ಧತೆಯ ಎಣ್ಣೆ ತುಂಬಿದರೆ ಲೆಕ್ಕ ಹದಿನೆಂಟು ಕಿಲೋವಾಟ್ ದಾಟುತ್ತದೆ. ನಿಜವಾದ ಎಣ್ಣೆ ಬೇರಿಂಗಿಗೆ ಸಂದು ಹೆಚ್ಚು ಕೊಡುತ್ತಾರೆ, ಬಿಸಿಯಾದ ಎಣ್ಣೆ ತೆಳ್ಳಗಾಗುತ್ತದೆ, ಆದ್ದರಿಂದ ವ್ಯತ್ಯಾಸ ಇಷ್ಟಿರುವುದಿಲ್ಲ. ಆದರೂ ನೂರಾರು ಪಟ್ಟು ಉಳಿದೇ ಉಳಿಯುತ್ತದೆ.

ಹೊರುವ ತಾಕತ್ತು ಕೂಡ ಅದೇ ರೀತಿ ಇಳಿಯುತ್ತದೆ. ತಾನಾಗಿಯೇ ಗಾಳಿ ಎಳೆದುಕೊಳ್ಳುವ ಬೇರಿಂಗ್ ಎಷ್ಟು ಹೊರಬಲ್ಲದು ಎಂಬುದಕ್ಕೆ ಅಳತೆಗೋಲು ವಾತಾವರಣದ ಒತ್ತಡವೇ. ನಮ್ಮ ನಾಲ್ಕು ಸೆಂಟಿಮೀಟರ್ ಉದ್ದಗಲದ ಬೇರಿಂಗಿಗೆ ಒಂದು ವಾತಾವರಣದ ಒತ್ತಡ ಎಂದರೆ ಸುಮಾರು 16 ಕಿಲೋ ಭಾರ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ 600 ಮೆಗಾವಾಟ್‌ನ ಟರ್ಬೈನುಗಳು 3,000 ಆರ್‌ಪಿಎಂನಲ್ಲಿ ತಿರುಗುತ್ತವೆ. ಟನ್‌ಗಟ್ಟಲೆ ತೂಗುವ ಆ ರೋಟರುಗಳನ್ನು ಗಾಳಿಯ ಮೇಲೆ ಕೂರಿಸುವ ಮಾತನ್ನು ಯಾರೂ ಆಡುವುದಿಲ್ಲ. ಗಾಳಿ ಬೇರಿಂಗ್ ಹಗುರವಾದ, ಅತಿ ವೇಗದ ರೋಟರುಗಳಿಗೇ ಮೀಸಲು. ತೊಂದರೆ ಹುಟ್ಟುವುದೂ ಇದೇ ಎರಡು ಗುಣಗಳಿಂದ.

ನಿಂತ ಬೇರಿಂಗಿನೊಳಗೆ ಶಾಫ್ಟ್ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಒಂದು ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಸಂದು ಒಂದೆಡೆ ಅಗಲ, ಇನ್ನೊಂದೆಡೆ ಕಿರಿದು. ತಿರುಗುವ ಶಾಫ್ಟ್ ಗಾಳಿಯನ್ನು ಅಗಲದಿಂದ ಕಿರಿದಿನತ್ತ ಎಳೆದು ತುರುಕುತ್ತದೆ, ಒತ್ತಡ ಏರುತ್ತದೆ, ಶಾಫ್ಟ್ ಮೇಲೇಳುತ್ತದೆ. ಇಷ್ಟು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಆದರೆ ಆ ಗಾಳಿ ಎಷ್ಟು ವೇಗದಲ್ಲಿ ಸುತ್ತುತ್ತದೆ? ಕಾಪು ಅಥವಾ ಉಳ್ಳಾಲದ ಕಡಲತಡಿಯಲ್ಲಿ ದೋಣಿಯನ್ನು ಮರಳಿನ ಮೇಲೆ ಎಳೆದು ತರುವಾಗ ಅಡಿಗೆ ಉರುಟು ಮರದ ತುಂಡು ಹಾಕುವುದನ್ನು ನೋಡಿರಬಹುದು. ದೋಣಿ ಎರಡು ಮಾರು ಮುಂದೆ ಬಂದರೆ ಮರದ ತುಂಡು ಒಂದೇ ಮಾರು ಬಂದಿರುತ್ತದೆ. ಮೇಲೆ ಚಲಿಸುವ ದೋಣಿ, ಕೆಳಗೆ ನಿಂತ ಮರಳು, ನಡುವಿನದು ಎರಡರ ಸರಾಸರಿಯಲ್ಲಿ ಉರುಳುತ್ತದೆ. ಬೇರಿಂಗಿನ ಗಾಳಿಯದೂ ಹೀಗೆಯೇ. ಶಾಫ್ಟಿಗೆ ಅಂಟಿದ ಪದರ ಪೂರ್ತಿ ವೇಗದಲ್ಲಿ ಓಡುತ್ತದೆ, ಗೋಡೆಗೆ ಅಂಟಿದ್ದು ನಿಂತಿರುತ್ತದೆ, ಒಟ್ಟಾರೆ ಗಾಳಿ ಶಾಫ್ಟಿನ ಅರ್ಧ ವೇಗದಲ್ಲಿ ಸುತ್ತುತ್ತದೆ.

ಈಗ ಶಾಫ್ಟಿನ ಕೇಂದ್ರವೇ ಏನೋ ಕಾರಣಕ್ಕೆ ಬೇರಿಂಗಿನೊಳಗೆ ಪುಟ್ಟ ವೃತ್ತದಲ್ಲಿ ಸುತ್ತತೊಡಗಿತು ಎನ್ನೋಣ, ಅದೂ ಅದೇ ಅರ್ಧ ವೇಗದಲ್ಲಿ. ಆಗ ಕಿರಿದಾದ ಸಂದು ಗಾಳಿಯ ಜೊತೆಜೊತೆಗೇ ಓಡುತ್ತದೆ. ಗಾಳಿ ಅದರೊಳಗೆ ನುಗ್ಗುವುದೂ ಇಲ್ಲ, ಹಿಂಡಿಕೊಳ್ಳುವುದೂ ಇಲ್ಲ. ಒತ್ತಡ ಹುಟ್ಟುವುದಿಲ್ಲ. ಶಾಫ್ಟನ್ನು ಎತ್ತಿ ಹಿಡಿದಿದ್ದ ಬಲ ಆ ಕ್ಷಣಕ್ಕೆ ಮಾಯ. ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಬರೆದ ಸಮೀಕರಣದಲ್ಲಿ ಇದು ಒಂದೇ ಪದವಾಗಿ ಕಾಣುತ್ತದೆ: ತಿರುಗುವ ವೇಗದಿಂದ ಸುತ್ತುವ ವೇಗದ ಎರಡರಷ್ಟನ್ನು ಕಳೆದರೆ ಸಿಗುವ ಸಂಖ್ಯೆ. ಅದು ಸೊನ್ನೆಯಾದರೆ ಬೇರಿಂಗ್ ಸೊನ್ನೆ. ಎಂಜಿನಿಯರುಗಳ ಬಾಯಲ್ಲಿ ಇದು ಹಾಫ್ ಸ್ಪೀಡ್ ವರ್ಲ್.

ಅರ್ಧ ವೇಗದ ಈ ಸುತ್ತಾಟ ಹತ್ತಿಕೊಳ್ಳುವುದು ಯಾವಾಗ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ. ಶಾಫ್ಟನ್ನು ಒಂದು ಪಕ್ಕಕ್ಕೆ ತಳ್ಳಿದರೆ ಸ್ಪ್ರಿಂಗ್ ಆದರೆ ನೇರವಾಗಿ ಹಿಂದಕ್ಕೆ ತಳ್ಳುತ್ತದೆ. ಗಾಳಿಯ ಪದರ ಹಾಗಲ್ಲ. ಅದು ಹಿಂದಕ್ಕೆ ತಳ್ಳುವುದರ ಜೊತೆಗೆ ಸ್ವಲ್ಪ ಬದಿಗೂ ತಳ್ಳುತ್ತದೆ, ತಿರುಗುವ ದಿಕ್ಕಿಗೇ. ಈ ಬದಿಯ ಬಲ ಶಾಫ್ಟನ್ನು ಸುತ್ತಲು ಹುರಿದುಂಬಿಸುತ್ತದೆ, ಡ್ಯಾಂಪಿಂಗ್, ಅಂದರೆ ಅಲುಗಾಟದ ಶಕ್ತಿಯನ್ನು ಕರಗಿಸುವ ಗುಣ, ಅದನ್ನು ತಡೆಯುತ್ತದೆ. ಶಾಫ್ಟ್ ಸುತ್ತುವುದು ತನ್ನ ಸಹಜ ಆವರ್ತನದಲ್ಲಿ, ಅಂದರೆ ಒಮ್ಮೆ ತಟ್ಟಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ತಾನಾಗಿ ಅಲುಗುತ್ತದೋ ಆ ಲೆಕ್ಕದಲ್ಲಿ. ತಡೆಯುವ ಬಲ ಆ ಆವರ್ತನದ ಜೊತೆ ಬೆಳೆಯುತ್ತದೆ. ಬದಿಗೆ ತಳ್ಳುವ ಬಲ ಮಾತ್ರ ತಿರುಗುವ ವೇಗದ ಅರ್ಧದ ಜೊತೆ ಬೆಳೆಯುತ್ತದೆ. ಆದ್ದರಿಂದ ತಿರುಗುವ ವೇಗ ಸಹಜ ಆವರ್ತನದ ಎರಡರಷ್ಟು ದಾಟಿದೊಡನೆ ತಳ್ಳುವುದು ಗೆಲ್ಲುತ್ತದೆ, ತಡೆಯುವುದು ಸೋಲುತ್ತದೆ. ಅಲ್ಲಿಂದ ಮುಂದೆ ಪ್ರತಿ ಸುತ್ತಿಗೂ ವೃತ್ತ ದೊಡ್ಡದಾಗುತ್ತ ಹೋಗುತ್ತದೆ.

‘ಹಾಗಾದರೆ ಪದರದ ಡ್ಯಾಂಪಿಂಗ್ ಹೆಚ್ಚಿಸಿದರಾಯಿತಲ್ಲ’ ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದಿಲ್ಲ. ಒಂದೇ ಪದರದಿಂದ ಎರಡೂ ಬರುವುದರಿಂದ ಅದರ ಡ್ಯಾಂಪಿಂಗ್ ಇಮ್ಮಡಿಯಾದರೆ ಬದಿಗೆ ತಳ್ಳುವ ಬಲವೂ ಇಮ್ಮಡಿಯಾಗುತ್ತದೆ. ಗಡಿ ಇದ್ದಲ್ಲೇ ಇರುತ್ತದೆ. ಡ್ಯಾಂಪಿಂಗ್ ಬರಬೇಕಾದದ್ದು ಪದರದ ಹೊರಗಿನಿಂದ. ಇದರ ಮೇಲೆ ಗಾಳಿಗೆ ಇನ್ನೊಂದು ದುರ್ಗುಣ: ಅದು ಕುಗ್ಗುತ್ತದೆ. ಎಣ್ಣೆ ಹಿಂಡಿದರೆ ಜಾಗ ಬಿಟ್ಟು ಹರಿಯಲೇಬೇಕು, ಆ ಹರಿವಿನಲ್ಲೇ ಶಕ್ತಿ ಕರಗುತ್ತದೆ. ಗಾಳಿ ಹಿಂಡಿದಲ್ಲೇ ಕುಗ್ಗಿ ಕುಳಿತು ಮತ್ತೆ ಹಿಗ್ಗುತ್ತದೆ. ವೇಗ ಏರಿದಂತೆ ಪದರ ಬಿಗಿಯಾಗುತ್ತದೆಯೇ ಹೊರತು ಶಕ್ತಿ ಕರಗಿಸುವ ಗುಣ ಬಡವಾಗುತ್ತದೆ.

ಲ್ಯಾಪ್‌ಟಾಪ್ ತೆರೆಯ ಮೇಲೆ ಇದು ಹೇಗೆ ಕಾಣುತ್ತದೆ? ಕಂಪನವನ್ನು ಆವರ್ತನಗಳಾಗಿ ಬಿಡಿಸಿದ ಚಿತ್ರ ಅದು: ಎಡಕ್ಕೆ ಕಡಿಮೆ ಆವರ್ತನ, ಬಲಕ್ಕೆ ಹೆಚ್ಚು, ಗೆರೆಯ ಎತ್ತರವೇ ಕಂಪನದ ಅಳತೆ. ಸಹಜ ಆವರ್ತನ 250 ಹರ್ಟ್ಸ್ ಇರುವ ರೋಟರನ್ನು ನಿಧಾನವಾಗಿ ವೇಗ ಏರಿಸುತ್ತಾ ಹೋಗಿ. 24,000 ಆರ್‌ಪಿಎಂನಲ್ಲಿ 400 ಹರ್ಟ್ಸ್‌ನ ಒಂದು ಗೆರೆ ಕಾಣುತ್ತದೆ. ಅದು ಅಸಮತೋಲನದ ಗೆರೆ, ತಿರುಗುವ ವೇಗದ ಜೊತೆಗೇ ಬಲಕ್ಕೆ ಸರಿಯುತ್ತದೆ. 27,000ದಲ್ಲಿ 450. ಇಲ್ಲಿಯವರೆಗೆ ಎಡಗಡೆ ಬಯಲು. 30,000ದ ಹೊತ್ತಿಗೆ 250ರ ಬಳಿ ಒಂದು ಮೊಳಕೆ ಏಳುತ್ತದೆ. ಇನ್ನು ಐನೂರು ಸುತ್ತು ಏರಿಸಿದರೆ ಅದು ಬಲಗಡೆಯ ಗೆರೆಯನ್ನೂ ಮೀರಿ ನಿಲ್ಲುತ್ತದೆ, ಮತ್ತು ವೇಗ ಏರಿಸಿದರೂ 250ನ್ನು ಬಿಟ್ಟು ಕದಲುವುದಿಲ್ಲ. ಇಲ್ಲಿ ಬ್ಯಾಲೆನ್ಸಿಂಗ್ ಮಾಡಿದರೆ ಬಲಗಡೆಯ ಗೆರೆ ಕುಗ್ಗುತ್ತದೆ, ಎಡಗಡೆಯದು ಹಾಗೇ ಇರುತ್ತದೆ. ಒಟ್ಟು ಕಂಪನವನ್ನು ಮಾತ್ರ ಅಳೆಯುವ ಕೈಮೀಟರ್ ಈ ಎರಡನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಬ್ಯಾಲೆನ್ಸಿಂಗ್‌ಗೆ ದುಡ್ಡು ಸುರಿದು ‘ಸ್ವಲ್ಪ ಕಡಿಮೆಯಾಯಿತು’ ಎಂದು ಸಮಾಧಾನ ಪಟ್ಟುಕೊಳ್ಳುವ ಸಂದರ್ಭಗಳೆಲ್ಲ ಹೀಗೆಯೇ ಹುಟ್ಟುವುದು.

ಎಣ್ಣೆ ಬೇರಿಂಗಿಗೂ ಈ ಕಾಯಿಲೆ ಇದೆ. ಜನರಲ್ ಎಲೆಕ್ಟ್ರಿಕ್‌ನ ನ್ಯೂಕರ್ಕ್ ಮತ್ತು ಟೇಲರ್ 1925ರಲ್ಲಿ ಆಯಿಲ್ ವಿಪ್ ಬಗ್ಗೆ ಬರೆದದ್ದು ಎಣ್ಣೆಯ ಮೇಲಿನ ಶಾಫ್ಟನ್ನು ನೋಡಿಯೇ. ಆದರೆ ಅಲ್ಲಿ ಸಂದು ದೊಡ್ಡದು, ಭಾರ ದೊಡ್ಡದು, ಅಲುಗಾಟ ಹೆಚ್ಚಾದರೂ ಎಣ್ಣೆ ನಡುವೆ ಇರುತ್ತದೆ, ಕಂಟ್ರೋಲ್ ರೂಮಿನಲ್ಲಿ ಕುಳಿತವನಿಗೆ ಭಾರ ಬದಲಿಸಲೋ ಎಣ್ಣೆಯ ಬಿಸಿ ಬದಲಿಸಲೋ ಸಮಯ ಸಿಗುತ್ತದೆ. ಗಾಳಿಯಲ್ಲಿ ಆ ಪುರುಸೊತ್ತಿಲ್ಲ. 30,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 500 ಸುತ್ತು. ಅಲಾರಂ ಹೊಡೆದು ಯಂತ್ರ ಟ್ರಿಪ್ ಆಗಲು ಹತ್ತನೇ ಒಂದು ಸೆಕೆಂಡ್ ಹಿಡಿದರೂ ಐವತ್ತು ಸುತ್ತು ಕಳೆದಿರುತ್ತದೆ. 20 ಮೈಕ್ರಾನ್ ಸಂದನ್ನು ತುಂಬಿಕೊಳ್ಳಲು ಅಷ್ಟು ಬೇಕಾಗಿಯೂ ಇಲ್ಲ. ಆಮೇಲೆ ಗಂಟೆಗೆ 226 ಕಿಲೋಮೀಟರ್ ವೇಗದಲ್ಲಿ ಲೋಹಕ್ಕೆ ಲೋಹ, ನಡುವೆ ಏನೂ ಇಲ್ಲದೆ.

ಇಲ್ಲಿ ಅನುಭವಸ್ಥ ಮೆಕ್ಯಾನಿಕ್‌ನನ್ನೂ ದಾರಿ ತಪ್ಪಿಸುವ ಒಂದು ಸಂಗತಿ ಇದೆ. ಬೇರಿಂಗಿನ ಮೇಲಿನ ಭಾರ ಕಡಿಮೆ ಮಾಡಿದರೆ ಒಳ್ಳೆಯದು ಎಂದು ನಾವು ಸಹಜವಾಗಿ ಯೋಚಿಸುತ್ತೇವೆ. ಈ ಕಾಯಿಲೆಯ ಮಟ್ಟಿಗೆ ಅದು ತಿರುಗುಮುರುಗು. ಭಾರವಿದ್ದಾಗ ಶಾಫ್ಟ್ ಒಂದು ಪಕ್ಕಕ್ಕೆ ಒತ್ತಿ ಕುಳಿತು ಪದರ ಬಿಗಿಯಾಗುತ್ತದೆ, ಸಹಜ ಆವರ್ತನ ಏರುತ್ತದೆ, ಗಡಿ ದೂರ ಹೋಗುತ್ತದೆ. ಭಾರವೇ ಇಲ್ಲದೆ ನಟ್ಟನಡುವೆ ತೇಲುವ ಶಾಫ್ಟ್ ಎಲ್ಲಕ್ಕಿಂತ ಚಂಚಲ. ಶಾಫ್ಟನ್ನು ನೆಟ್ಟಗೆ ನಿಲ್ಲಿಸಿದ ಯಂತ್ರಗಳಲ್ಲಿ ಪಕ್ಕದ ಬೇರಿಂಗಿಗೆ ತೂಕ ಬೀಳುವುದೇ ಇಲ್ಲ. ಮಲಗಿಸಿ ಪರೀಕ್ಷಿಸಿ ‘ಪಾಸ್’ ಎಂದ ರೋಟರ್ ನೆಟ್ಟಗೆ ನಿಲ್ಲಿಸಿದಾಗ ಕುಣಿದರೆ ಅಚ್ಚರಿಪಡಬೇಕಿಲ್ಲ.

ಪರಿಹಾರಗಳಲ್ಲಿ ಕೆಲವು ಪದರದ ಆಕಾರವನ್ನೇ ಬದಲಿಸುತ್ತವೆ. ಶಾಫ್ಟಿನ ಮೇಲೆ ಮೀನಿನ ಮುಳ್ಳಿನ ಜೋಡಣೆಯ ಹೆರಿಂಗ್‌ಬೋನ್ ಗೀರುಗಳನ್ನು ಕೊರೆದರೆ ಗಾಳಿ ನಡುವಿಗೆ ಪಂಪ್ ಆಗಿ ನಟ್ಟನಡುವೆಯೂ ಬಿಗಿತ ಸಿಗುತ್ತದೆ. ಟಿಲ್ಟಿಂಗ್ ಪ್ಯಾಡ್ ಬೇರಿಂಗಿನಲ್ಲಿ ಪ್ರತಿ ತುಂಡೂ ತನ್ನ ಮೊಳೆಯ ಮೇಲೆ ಓಲಾಡುವುದರಿಂದ ಬದಿಗೆ ತಳ್ಳುವ ಬಲ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ಭಾಗಗಳು ಹೆಚ್ಚು, ಜೋಡಣೆ ನಾಜೂಕು. ಅಗ್ಗದ ಉಪಾಯ ಬೇರಿಂಗ್ ಬುಷ್ಷಿನ ಹೊರಗೆ ರಬ್ಬರ್ ಓ-ರಿಂಗ್ ಹಾಕುವುದು. ಪದರದ ಹೊರಗಿನಿಂದ ಡ್ಯಾಂಪಿಂಗ್ ತರುವ ಅತಿ ಸರಳ ದಾರಿ ಅದು, ರಬ್ಬರ್ ಬಿಸಿಗೆ ಗಟ್ಟಿಯಾಗುವವರೆಗೆ.

ಟರ್ಬೋ ಬ್ಲೋವರ್‌ಗಳಲ್ಲಿ ಗೆದ್ದಿರುವುದು ಹಾಳೆಯ ಬೇರಿಂಗ್. ಶಾಫ್ಟಿನ ಸುತ್ತ ಕಾಗದದಷ್ಟು ತೆಳುವಾದ ಲೋಹದ ಹಾಳೆ, ಅದರ ಹಿಂದೆ ಅಲೆಅಲೆಯಾಗಿ ಮಡಿಚಿದ ಇನ್ನೊಂದು ಹಾಳೆ. ಯಂತ್ರ ನಿಂತಾಗ ಹಾಳೆ ಶಾಫ್ಟನ್ನು ತಬ್ಬಿಕೊಂಡಿರುತ್ತದೆ. ಕೆಲವು ಸಾವಿರ ಸುತ್ತು ದಾಟಿದ ಮೇಲೆ ಶಾಫ್ಟ್ ತನ್ನದೇ ಗಾಳಿಯ ಮೇಲೆ ಏಳುತ್ತದೆ. ಶಾಫ್ಟ್ ಅಲುಗಿದರೆ ಅಲೆಗಳು ಚಪ್ಪಟೆಯಾಗಿ ಕವಚದ ಮೇಲೆ ಉಜ್ಜುತ್ತವೆ, ಆ ಉಜ್ಜುವಿಕೆಯಲ್ಲಿ ಕಂಪನದ ಶಕ್ತಿ ಶಾಖವಾಗಿ ಹೋಗುತ್ತದೆ. ಕ್ಯಾಪ್‌ಸ್ಟೋನ್ ಕಂಪನಿಯ 30 ಕಿಲೋವಾಟ್ ಮೈಕ್ರೋಟರ್ಬೈನ್ ಇಂಥ ಬೇರಿಂಗ್ ಮೇಲೆಯೇ 96,000 ಆರ್‌ಪಿಎಂನಲ್ಲಿ ತಿರುಗುತ್ತದೆ. ನನಗೆ ಇದು ಮೆಕ್ಯಾನಿಕಲ್ ಎಂಜಿನಿಯರಿಂಗಿನ ಅತಿ ಚೆಂದದ ಉಪಾಯಗಳಲ್ಲಿ ಒಂದು ಅನಿಸುತ್ತದೆ.

ಆದರೆ ಹಾಳೆ ಕಾಯಿಲೆಯನ್ನು ಗುಣ ಮಾಡುವುದಿಲ್ಲ, ಹದ್ದಿನಲ್ಲಿ ಇಡುತ್ತದೆ. ಅಲುಗಾಟ ತೀರಾ ಚಿಕ್ಕದಿದ್ದಾಗ ಅಲೆಹಾಳೆ ಕವಚಕ್ಕೆ ಕಚ್ಚಿಕೊಂಡೇ ಇರುತ್ತದೆ, ಜಾರುವುದಿಲ್ಲ. ಜಾರದಿದ್ದರೆ ಉಜ್ಜುವಿಕೆ ಇಲ್ಲ, ಡ್ಯಾಂಪಿಂಗೂ ಇಲ್ಲ. ಹಾಗಾಗಿ ಕಂಪನ ಒಂದು ಮಟ್ಟಕ್ಕೆ ಬೆಳೆದು, ಹಾಳೆ ಜಾರಲು ಶುರುವಾಗಿ, ಅಲ್ಲಿಗೆ ನಿಲ್ಲುತ್ತದೆ. ಆರೋಗ್ಯವಂತ ಹಾಳೆ ಬೇರಿಂಗಿನ ಚಿತ್ರದಲ್ಲೂ ಎಡಗಡೆ ಒಂದು ಕುಳ್ಳು ಗೆರೆ ಕಾಣಬಹುದು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಮಾತ್ರ ಹಾಳೆಯ ಹಿಡಿತ ಸಡಿಲವಾಗುತ್ತಿದೆ ಎಂದು ತಿಳಿಯಬೇಕು.

ಸಡಿಲವಾಗುವುದು ಏಕೆ? ಹಾಳೆಯ ಮೇಲಿನ ಟೆಫ್ಲಾನ್ ಜಾತಿಯ ಲೇಪನ ಸವೆಯುವುದರಿಂದ. ಶಾಫ್ಟ್ ತೇಲುತ್ತಿರುವಾಗ ಅದು ಸವೆಯುವುದಿಲ್ಲ, ಆ ಮಟ್ಟಿಗೆ ಕರಪತ್ರ ಸುಳ್ಳಲ್ಲ. ಸವೆಯುವುದು ಏಳುವಾಗ ಮತ್ತು ಇಳಿಯುವಾಗ. ಆದ್ದರಿಂದ ಈ ಬೇರಿಂಗಿನ ಆಯುಷ್ಯವನ್ನು ಗಂಟೆಗಳಲ್ಲಿ ಅಲ್ಲ, ಎಷ್ಟು ಸಲ ಶುರುವಾಗಿ ನಿಂತಿತು ಎಂಬುದರಲ್ಲಿ ಎಣಿಸಬೇಕು. ನಮ್ಮೂರಿನ ಮಳೆಗಾಲವನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗುಡುಗಿದರೆ ಕರೆಂಟ್ ಹೋಗುತ್ತದೆ, ಬರುತ್ತದೆ, ಐದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಕರೆಂಟ್ ಬಂದ ಕೂಡಲೇ ತಾನಾಗಿ ಶುರುವಾಗುವಂತೆ ಬ್ಲೋವರನ್ನು ಇಟ್ಟವರು ಒಂದು ಸಂಜೆಯಲ್ಲೇ ಹಲವು ದಿನಗಳ ಸವಕಳಿಯನ್ನು ಖರ್ಚು ಮಾಡುತ್ತಾರೆ. ಇದರ ಜೊತೆಗೆ ಕಡಲ ಗಾಳಿಯ ಉಪ್ಪು. ಬೇರಿಂಗ್ ಎಳೆದುಕೊಳ್ಳುವುದು ಸುತ್ತಲಿನ ಗಾಳಿಯನ್ನೇ. ಮುಚ್ಚಳ ಸರಿಯಿಲ್ಲದ ಫಿಲ್ಟರಿನ ಮೂಲಕ ಬಂದ ಉಪ್ಪಿನ ಕಣ 20 ಮೈಕ್ರಾನ್ ಸಂದಿನಲ್ಲಿ ಚಿಕ್ಕ ವಸ್ತುವಲ್ಲ.

ಹೊರಗಿನ ಕಂಪ್ರೆಸರಿನಿಂದ ಗಾಳಿ ಕೊಡುವ ಬೇರಿಂಗುಗಳದು ಸ್ವಲ್ಪ ಬೇರೆ ಕಥೆ. ಸರ್ಕ್ಯೂಟ್ ಬೋರ್ಡಿಗೆ ತೂತು ಕೊರೆಯುವ ಎರಡು ಲಕ್ಷ ಸುತ್ತಿನ ಸ್ಪಿಂಡಲ್‌ಗಳು ಈ ಬಗೆಯವು. ಶಾಫ್ಟ್ ತಿರುಗದೆ ಸುಮ್ಮನೆ ತೇಲುತ್ತಿರುವಾಗಲೂ ಇವು ಒಮ್ಮೊಮ್ಮೆ ಗುಂಯ್‌ಗುಡುತ್ತವೆ. ಗಾಳಿ ಬರುವ ಸಣ್ಣ ತೂತಿನ ಬಾಯಲ್ಲಿ ಗುಳಿ ದೊಡ್ಡದಿದ್ದರೆ ಒತ್ತಡ ಏರಲು, ಇಳಿಯಲು ಸಮಯ ಹಿಡಿಯುತ್ತದೆ. ಶಾಫ್ಟ್ ಕೆಳಗೆ ಬಂದಾಗ ಏರಬೇಕಿದ್ದ ಒತ್ತಡ, ಅದು ಹೊರಟುಹೋದ ಮೇಲೆ ಏರುತ್ತದೆ. ಹೀಗೆ ತಡವಾಗಿ ಬರುವ ಸಹಾಯವೇ ಒದೆತವಾಗುತ್ತದೆ. ನ್ಯುಮ್ಯಾಟಿಕ್ ಹ್ಯಾಮರ್ ಎಂಬ ಈ ತೊಂದರೆಗೆ ಮದ್ದು ಗುಳಿಯನ್ನು ಚಿಕ್ಕದು ಮಾಡುವುದು ಅಥವಾ ಇಡೀ ಮೇಲ್ಮೈಯಿಂದ ಗಾಳಿ ಒಸರುವ ಗ್ರಾಫೈಟ್ ಬಳಸುವುದು. ಒತ್ತಡ ಏರಿಸಿ ಸರಿಮಾಡಲು ಹೋದರೆ ಕೆಲವೊಮ್ಮೆ ಗುಂಯ್‌ಗಾಟ ಹೆಚ್ಚುತ್ತದೆ.

ಕರಾವಳಿಯಲ್ಲಿ ಈ ಬೇರಿಂಗುಗಳ ದೊಡ್ಡ ಶತ್ರು ನೀರು. 30 ಡಿಗ್ರಿ ಬಿಸಿಯ, ಶೇ 90ರಷ್ಟು ತೇವದ ಎಂಟು ಘನಮೀಟರ್ ಗಾಳಿಯನ್ನು ಒಂದು ಘನಮೀಟರಿಗೆ ಒತ್ತಿ ಮತ್ತೆ 30 ಡಿಗ್ರಿಗೆ ತಣಿಸಿದರೆ 190 ಗ್ರಾಂನಷ್ಟು ನೀರು ಬೇರ್ಪಡುತ್ತದೆ. ಡ್ರೈಯರ್ ಕೆಟ್ಟಿದ್ದರೆ, ಟ್ಯಾಂಕಿನ ಡ್ರೈನ್ ಕಾಕ್ ತೆರೆಯಲು ಮರೆತರೆ, ಅದು ಕೂದಲೆಳೆಯಷ್ಟು ತೂತುಗಳಿಗೆ ಹೋಗಿ ನಿಲ್ಲುತ್ತದೆ. ಹತ್ತರಲ್ಲಿ ಎರಡು ತೂತು ಕಟ್ಟಿದರೂ ಯಂತ್ರ ತಿರುಗುತ್ತದೆ. ಬಿಗಿತ ಮಾತ್ರ ಇಳಿದಿರುತ್ತದೆ, ಅದರ ಜೊತೆಗೆ ಸಹಜ ಆವರ್ತನ, ಅದರ ಜೊತೆಗೆ ಕಂಪನದ ಗಡಿ. ನಿನ್ನೆಯವರೆಗೆ ನೆಮ್ಮದಿಯಿಂದ ತಿರುಗುತ್ತಿದ್ದ ವೇಗವೇ ಇಂದು ಗಡಿಯಾಚೆ ಇರುತ್ತದೆ. ದೋಷ ರೋಟರಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೊಳ್ಳುವವರು ಟೆಂಡರಿನಲ್ಲಿ ಸಾಮಾನ್ಯವಾಗಿ ಕೇಳುವುದು ಗಾಳಿಯ ಪ್ರಮಾಣ, ಒತ್ತಡ, ಕರೆಂಟ್, ಮತ್ತು ಕಂಪನ ಇಂತಿಷ್ಟು ಮಿಲಿಮೀಟರ್ ಪ್ರತಿ ಸೆಕೆಂಡಿಗಿಂತ ಕಡಿಮೆ ಇರಬೇಕೆಂಬ ಒಂದು ಸಾಲು. ಆ ಸಾಲು ಹೊರಕವಚದ ಮೇಲೆ ಅಳೆದದ್ದಾದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಕಿಲೋ ಲೆಕ್ಕದ ರೋಟರಿನ ಬಲ ಕ್ವಿಂಟಲ್ ಲೆಕ್ಕದ ಕವಚವನ್ನು ಅಲುಗಿಸುವ ಹೊತ್ತಿಗೆ ಒಳಗೆ ಕೆಲಸ ಕೆಟ್ಟಿರುತ್ತದೆ. ಕೇಳಬೇಕಾದ್ದು ಶಾಫ್ಟಿನ ಪಕ್ಕದಲ್ಲೇ ಕೂರಿಸಿದ, ಅದರ ಅಲುಗಾಟ ಅಳೆಯುವ ಪ್ರೋಬ್‌ನಿಂದ ಪಡೆದ ಚಿತ್ರವನ್ನು: ಯಂತ್ರವನ್ನು ಗರಿಷ್ಠ ವೇಗಕ್ಕಿಂತ ಸ್ವಲ್ಪ ಮೇಲಕ್ಕೆ ಒಯ್ದು, ಕರೆಂಟ್ ತೆಗೆದು, ತಾನಾಗಿ ನಿಲ್ಲುವವರೆಗೆ ದಾಖಲಿಸಿದ್ದು. ಮೋಟರಿನ ಗದ್ದಲವಿಲ್ಲದ ಆ ಇಳಿವಿನಲ್ಲಿ ಅರ್ಧ ವೇಗದ ಗೆರೆ ಎಲ್ಲಿ ಸಾಯುತ್ತದೆ, ಹಾಳೆ ಶಾಫ್ಟನ್ನು ಎಷ್ಟು ಸುತ್ತಿನಲ್ಲಿ ಮುಟ್ಟುತ್ತದೆ ಎರಡೂ ತಿಳಿಯುತ್ತವೆ. ಹೊಸ ಯಂತ್ರದ ಈ ದಾಖಲೆ ಕೈಯಲ್ಲಿದ್ದರೆ ಪ್ರತಿ ವರ್ಷ ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಅದೇ ಪರೀಕ್ಷೆ ಮಾಡಿ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಪ್ರೋಬ್ ಕೂರಿಸಲು ಕವಚದಲ್ಲಿ ತೂತು ಬೇಕು. ಅದನ್ನು ಕಾರ್ಖಾನೆಯಲ್ಲೇ ಮಾಡಿಸಿ ತರಬೇಕು, ಮಂಗಳೂರಿಗೆ ಬಂದ ಮೇಲೆ ಡ್ರಿಲ್ ಹಿಡಿಯುವಂತಿಲ್ಲ.